ಇಟಲಿಯ ಬಾಡಿಗೆ ಪತ್ರದಲ್ಲಿರುವ 'ಕಪಾರ್ರ ಕೊನ್ಫಿರ್ಮತೋರಿಯ' ವಾಪಸ್ ಬರುವ ಮುಂಗಡವೇ?

ಬಾಡಿಗೆ ಪತ್ರದ ಈ ಎರಡು ಪದಗಳನ್ನು ನಿಘಂಟು ನೋಡಿ ಒಂದೊಂದಾಗಿ ಇಂಗ್ಲಿಷಿಗೆ ಇಳಿಸಿದಾಗ 'ಕನ್ಫರ್ಮೇಟರಿ ಡಿಪಾಸಿಟ್' ಎಂದು ಬಂತು, ಅದು ಸರಿಯೇ ಎಂದು ಕೇಳಿದ್ದೀರಿ. ಟೂರಿನ್‌ಗೆ ಓದಲು ಹೋದ ಹೊಸದರಲ್ಲಿ ನಾನೂ ಹೀಗೆಯೇ ಪತ್ರದ ಪ್ರತಿ ಪದದ ಮೇಲೂ ಪೆನ್ಸಿಲಿನಲ್ಲಿ ಇಂಗ್ಲಿಷ್ ಪದ ಬರೆದುಕೊಂಡು, ಒಂದು ತಿಂಗಳ ಬಾಡಿಗೆಯಷ್ಟು ಹಣ ಕೊಟ್ಟು ಸಹಿ ಹಾಕಿದ್ದೆ. ಆಮೇಲೆ ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಕ್ಕಿದ್ದರಿಂದ ಮನೆ ಬೇಡವೆಂದೆ. ಕೊಟ್ಟ ಹಣ ಕೈಬಿಟ್ಟಿತು.

ಪೆನ್ಸಿಲಿನಲ್ಲಿ ಬರೆದ ಪದಗಳಲ್ಲಿ ಒಂದೂ ತಪ್ಪಾಗಿರಲಿಲ್ಲ. ಆದರೆ 'ಡಿಪಾಸಿಟ್' ಎಂದು ಓದಿದ ಕೂಡಲೇ ನನ್ನ ಮನಸ್ಸಿಗೆ ಬಂದದ್ದು ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಸುಣ್ಣಬಣ್ಣದ ಖರ್ಚು ಮುರಿದುಕೊಂಡು ವಾಪಸ್ ಕೊಡುವ ಅಡ್ವಾನ್ಸು. 'ಕನ್ಫರ್ಮೇಟರಿ' ಎಂದಾಗ ರೈಲು ಟಿಕೆಟ್ ಖಚಿತವಾದಂತೆ ಮನೆಯೂ ಖಚಿತವಾಯಿತು ಎಂದುಕೊಂಡೆ. ಇಟಲಿಯ ನಾಗರಿಕ ಸಂಹಿತೆಯ 1385ನೇ ವಿಧಿ ಹೇಳುವುದು ಬೇರೆಯೇ: ಹಣ ಕೊಟ್ಟವನು ಮಾತಿಗೆ ತಪ್ಪಿದರೆ ಪಡೆದವನು ಒಪ್ಪಂದದಿಂದ ಹಿಂದೆ ಸರಿದು ಅದನ್ನು ಇಟ್ಟುಕೊಳ್ಳಬಹುದು, ಪಡೆದವನೇ ತಪ್ಪಿದರೆ ಕೊಟ್ಟವನು ಅದರ ಎರಡರಷ್ಟು ಕೇಳಬಹುದು, ಇಬ್ಬರೂ ನಡೆದುಕೊಂಡರೆ ಆ ಹಣ ಹಿಂತಿರುಗುತ್ತದೆ ಅಥವಾ ಕೊಡಬೇಕಾದ ಬಾಕಿಗೆ ವಜಾ ಆಗುತ್ತದೆ. ಹಣ ಹೋದರೆ ಹೋಗಲಿ ಎಂದು ಸುಮ್ಮನಿರುವಂತೆಯೂ ಇಲ್ಲ. ಎದುರಿನವರು ಒಪ್ಪಂದ ಜಾರಿಯಾಗಲೇಬೇಕೆಂದು ಪಟ್ಟು ಹಿಡಿಯಲು ಅದೇ ವಿಧಿ ಅವಕಾಶ ಕೊಡುತ್ತದೆ. ನಮ್ಮಲ್ಲಿ ಜಮೀನಿನ ವ್ಯವಹಾರದಲ್ಲಿ ಕೊಡುವ ಸಂಚಕಾರದ ಹಣವನ್ನು ನೆನೆದಿದ್ದರೆ ನಾನು ಆ ದಿನ ಸಹಿ ಹಾಕುತ್ತಿರಲಿಲ್ಲ.

ಆದ್ದರಿಂದ ಅನುವಾದ ಸರಿಯೇ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ ಎನ್ನುತ್ತೇನೆ. ಇಂಗ್ಲಿಷ್ ನಿಮ್ಮ ಭಾಷೆಯೂ ಅಲ್ಲ, ಮನೆಯೊಡೆಯರ ಭಾಷೆಯೂ ಅಲ್ಲ. ನಡುವೆ ಅದನ್ನು ತಂದು ಕೂರಿಸಿದರೆ ಇಬ್ಬರ ಕಾನೂನೂ ಮರೆಯಾಗುತ್ತದೆ. ಮನೆ ಬಿಡುವಾಗ ವಾಪಸ್ ಬರಬೇಕಾದ ಭದ್ರತಾ ಠೇವಣಿಗೆ ಅಲ್ಲಿ 'ದೆಪೋಸಿತೋ ಕೌತ್ಸಿಯೊನಾಲೆ' ಎಂಬ ಹೆಸರೇ ಇದೆ. 1978ರ 392ನೇ ಕಾನೂನಿನಂತೆ ಅದು ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ, ಅದಕ್ಕೆ ವರ್ಷ ವರ್ಷವೂ ಬಡ್ಡಿ ಕೊಡಬೇಕು. ಮಾತಿನಲ್ಲಿ ಇಟಲಿಯವರೇ ಇದನ್ನೂ 'ಕಪಾರ್ರ' ಎನ್ನುವುದುಂಟು, ಹಾಗಾಗಿ ಬಾಯಿಮಾತನ್ನು ನಂಬಬೇಡಿ. ನೀವು ಕೊಡುತ್ತಿರುವುದು ಠೇವಣಿಯೇ ಆಗಿದ್ದರೆ ಪತ್ರದಲ್ಲಿ ಆ ಪದವನ್ನೇ ಬರೆಸಿ. ಬರೆಯಲು ಒಪ್ಪದಿದ್ದರೆ, ಆ ಮನೆಯಲ್ಲೇ ಇರುವುದು ಖಚಿತವಾಗುವವರೆಗೆ ಹಣ ಕೊಡಬೇಡಿ.