ಮಳೆಯೂ ಬಿಸಿಲಿನದೇ ಕೆಲಸ

ಪ್ರಶ್ನೆ: ಶಕ್ತಿಯೆಲ್ಲ ಸೂರ್ಯನಿಂದಲೇ ಬರುತ್ತದೆ ಎಂದು ನಮ್ಮ ಟೀಚರ್ ಹೇಳಿದರು. ಆದರೆ ನಮ್ಮೂರಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಸೂರ್ಯ ಕಾಣುವುದೇ ಅಪರೂಪ. ಆಗಲೂ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ. ಅದು ಹೇಗೆ?
– ಆರನೇ ತರಗತಿ ವಿದ್ಯಾರ್ಥಿನಿ, ಕಾರವಾರ

ಉತ್ತರ: ತಂಗಿ, ನಿನ್ನ ಕಾಗದ ಓದಿ ತುಂಬಾ ಖುಷಿಯಾಯಿತು. ಟೀಚರ್ ಹೇಳಿದ್ದಕ್ಕೆ ಸುಮ್ನೆ ತಲೆಯಾಡಿಸದೆ, ಕಿಟಕಿಯಾಚೆ ಕಾಣುವುದಕ್ಕೆ ಹೋಲಿಸಿ ನೋಡಿದ್ದೀಯಲ್ಲ, ವಿಜ್ಞಾನಕ್ಕೆ ಬೇಕಾದದ್ದೇ ಅದು.

ಮಳೆಗಾಲದಲ್ಲಿ ಸೂರ್ಯ ಕೆಲಸ ನಿಲ್ಲಿಸುವುದಿಲ್ಲ. ಆ ಮಳೆಯನ್ನು ತರುವವನೇ ಅವನು. ಕಡಲಿನ ಮೇಲೆ ಬಿದ್ದ ಬಿಸಿಲು ನೀರನ್ನು ಆವಿ ಮಾಡುತ್ತದೆ. ಬೇಸಿಗೆಯಲ್ಲಿ ನೆಲ ಕಡಲಿಗಿಂತ ಬೇಗ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಆ ಜಾಗಕ್ಕೆ ಅರಬ್ಬೀ ಸಮುದ್ರದ ಕಡೆಯಿಂದ ಆವಿ ತುಂಬಿದ ಗಾಳಿ ನುಗ್ಗುತ್ತದೆ. ಎದುರಿಗೆ ಘಟ್ಟ ಸಿಕ್ಕಾಗ ಹತ್ತಲೇಬೇಕು. ಹತ್ತುತ್ತಾ ತಣ್ಣಗಾಗುತ್ತದೆ, ಮಳೆ ಸುರಿಯುತ್ತದೆ. ಆ ನೀರೇ ಕಾಳಿ ನದಿಗೆ ಸೇರಿ, ಸೂಪಾ ಅಣೆಕಟ್ಟಿನಲ್ಲಿ ನಿಂತು, ಆಮೇಲೆ ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ಇಳಿಯುತ್ತಾ ಒಂದೊಂದು ಕಡೆಯೂ ಟರ್ಬೈನ್ ತಿರುಗಿಸುತ್ತದೆ.

ಇದರಲ್ಲಿ ಸೂರ್ಯನ ಪಾಲು ಎಷ್ಟು ದೊಡ್ಡದು ಗೊತ್ತಾ? ಒಂದು ಯೂನಿಟ್ ಕರೆಂಟು ಬೇಕೆಂದರೆ ಸಾವಿರ ಲೀಟರಿಗೂ ಜಾಸ್ತಿ ನೀರು 350 ಮೀಟರ್ ಎತ್ತರದಿಂದ ಇಳಿಯಬೇಕು. ಅಷ್ಟೇ ನೀರನ್ನು ಕಡಲಿನಿಂದ ಆವಿ ಮಾಡಿ ಎಬ್ಬಿಸಲು ಸುಮಾರು 700 ಯೂನಿಟ್‌ನಷ್ಟು ಬಿಸಿಲು ಖರ್ಚಾಗಿರುತ್ತದೆ. ನಮ್ಮ ಕೈಗೆ ಸಿಗುವುದು ಒಂದೇ ಒಂದು! ಉಳಿದದ್ದು ಹಾಳಾಯಿತು ಅಂದುಕೊಳ್ಳಬೇಡ. ಆವಿ ಮತ್ತೆ ಹನಿಯಾಗುವಾಗ ತನ್ನೊಳಗಿದ್ದ ಶಾಖವನ್ನೆಲ್ಲ ಗಾಳಿಗೆ ಬಿಟ್ಟುಕೊಡುತ್ತದೆ. ಮೋಡ ಇನ್ನೂ ಮೇಲಕ್ಕೆ ಬೆಳೆಯುವುದು ಆ ಶಾಖದಿಂದ. ಜುಲೈ ತಿಂಗಳಲ್ಲಿ ನಿಮ್ಮ ತೆಂಗಿನ ಮರ ಬಗ್ಗಿಸುವ ಗಾಳಿಗೂ ಅದರ ಬಲವಿದೆ.

ಆದರೂ ಟೀಚರ್ ಮಾತಿಗೆ ಒಂದು ತಿದ್ದುಪಡಿ ಬೇಕು. ಅದು ನಿನ್ನ ಊರಿನ ಹತ್ತಿರವೇ ಇದೆ. ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಅಲ್ಲಿ ಶಾಖ ಕೊಡುವುದು ಯುರೇನಿಯಂ. ಅದು ನಮ್ಮ ಸೂರ್ಯ ಹುಟ್ಟುವ ಮೊದಲೇ ಬೇರೆ ನಕ್ಷತ್ರಗಳಿಂದ ಬಂದದ್ದು. ಹಾಗಾಗಿ ಕೈಗಾದ ಕರೆಂಟು ಸೂರ್ಯನದ್ದಲ್ಲ. ಇದನ್ನು ಟೀಚರಿಗೆ ಹೇಳು, ಅವರಿಗೂ ಖುಷಿಯಾಗುತ್ತದೆ. ನೀರಿನ ಕರೆಂಟು, ಅಣುವಿನ ಕರೆಂಟು, ಕಲ್ಲಿದ್ದಲಿನ ಕರೆಂಟು ಎಲ್ಲವೂ ಒಂದೇ ಜಾಲಕ್ಕೆ ಸೇರುತ್ತವೆ. ನಿಮ್ಮ ಫ್ಯಾನ್ ತಿರುಗಿಸುವುದು ಇವೆಲ್ಲ ಕೂಡಿ. ಕಲ್ಲಿದ್ದಲು ಕೂಡ ಕೋಟ್ಯಂತರ ವರ್ಷಗಳ ಹಿಂದೆ ಗಿಡಮರಗಳು ಹಿಡಿದಿಟ್ಟ ಬಿಸಿಲೇ.

ಪ್ರಶ್ನೆ: ಸೂರ್ಯ ಉರಿದು ಉರಿದು ಖಾಲಿಯಾಗುವುದಿಲ್ಲವೇ?
– ಎಂಟನೇ ತರಗತಿ ವಿದ್ಯಾರ್ಥಿ, ಶಿರಸಿ

ಉತ್ತರ: ಕಟ್ಟಿಗೆಯ ಹಾಗೆ ಉರಿದಿದ್ದರೆ ಯಾವತ್ತೋ ಬೂದಿಯಾಗುತ್ತಿದ್ದ. ಅಲ್ಲಿ ನಡೆಯುವುದೇ ಬೇರೆ. ಸೂರ್ಯನ ನಡುವಿನಲ್ಲಿ ಸುಮಾರು ಒಂದೂವರೆ ಕೋಟಿ ಡಿಗ್ರಿ ಶಾಖವಿದೆ. ಅಲ್ಲಿ ಜಲಜನಕದ ಕಣಗಳು ಕೂಡಿ ಹೀಲಿಯಂ ಆಗುತ್ತವೆ. ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕ ಹೀಗೆ ಬದಲಾಗುತ್ತದೆ, ಅದರಲ್ಲಿ 40 ಲಕ್ಷ ಟನ್ನಿಗೂ ಜಾಸ್ತಿ ಶಕ್ತಿಯಾಗಿ ಹೊರಡುತ್ತದೆ. ಹೀಗೆಯೇ ಸುಮಾರು 460 ಕೋಟಿ ವರ್ಷ ಕಳೆದಿದೆ. ಇನ್ನೂ 500 ಕೋಟಿ ವರ್ಷಕ್ಕೆ ಆಗುವಷ್ಟಿದೆ. ನೀನು ಆರಾಮಾಗಿರು!

ಪ್ರಶ್ನೆ: ಮಗನಿಗೆ ಎಂಟು ವರ್ಷ. ಸೂರ್ಯನ ಶಕ್ತಿ ಅಂದರೇನು ಅಂತ ತೋರಿಸಲು ರಜೆಯಲ್ಲಿ ಸೋಲಾರ್ ಆಟಿಕೆ ಕೊಡಿಸಬೇಕೇ?
– ತಾಯಿಯೊಬ್ಬರು, ಕುಮಟಾ

ಉತ್ತರ: ಈಗಲೇ ಬೇಡ, ತಾಯಿ. ಪ್ಯಾನೆಲ್ ಒಳಗೆ ಏನಾಗುತ್ತದೆ ಎಂದು ಆ ವಯಸ್ಸಿಗೆ ಕಾಣುವುದಿಲ್ಲ. ಕಣ್ಣೆದುರೇ ನಡೆಯುವುದನ್ನು ಮೊದಲು ತೋರಿಸಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಬೇಸಿಗೆಯಲ್ಲಿ ಮಕ್ಕಳನ್ನು ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಕರೆದೊಯ್ಯುತ್ತಿದ್ದೆ. ಒಲೆಯಿಲ್ಲ, ಕಟ್ಟಿಗೆಯಿಲ್ಲ. ಬರೀ ಬಿಸಿಲು, ಗಾಳಿ, ಅಘನಾಶಿನಿಯ ಉಪ್ಪು ನೀರು. ರಾಶಿ ರಾಶಿ ಉಪ್ಪು ಕಂಡ ಮೇಲೆ ಮಕ್ಕಳಿಗೆ ಪಾಠ ಮಾಡುವ ಅಗತ್ಯವೇ ಇರುತ್ತಿರಲಿಲ್ಲ. ನಿಮಗೆ ಅದು ದೂರವೂ ಅಲ್ಲ.

ಮನೆಯಲ್ಲೂ ಮಾಡಬಹುದು. ಒಂದೇ ಅಳತೆಯ ಎರಡು ತಟ್ಟೆ ತೆಗೆದುಕೊಳ್ಳಿ, ಒಂದು ಕಪ್ಪು, ಇನ್ನೊಂದು ಬಿಳಿ. ಎರಡಕ್ಕೂ ಅರ್ಧರ್ಧ ಲೀಟರ್ ಕಡಲ ನೀರು ಹಾಕಿ ತಾರಸಿಯ ಮೇಲಿಡಿ. ಯಾವುದು ಮೊದಲು ಒಣಗುತ್ತದೆ ಎಂದು ಅವನೇ ಮೊದಲು ಊಹಿಸಲಿ, ಆಮೇಲೆ ದಿನಾ ನೋಡಿ ಬರೆಯಲಿ. ಕಪ್ಪು ಬಣ್ಣ ಬಿಸಿಲನ್ನು ಜಾಸ್ತಿ ಹೀರುತ್ತದೆ. ತಟ್ಟೆಯೊಂದರಲ್ಲಿ ಸುಮಾರು 17 ಗ್ರಾಂ ಉಪ್ಪು ಸಿಗಬೇಕು. ನೀರು ತರಲು ನೀವೂ ಜೊತೆಗೆ ಹೋಗಿ. ಹೊಳೆ ಸೇರುವ ಕಡೆ ಬೇಡ, ಅಲ್ಲಿ ಉಪ್ಪು ಕಡಿಮೆ. ಸೂರ್ಯನನ್ನು ನೇರವಾಗಿ ದಿಟ್ಟಿಸಬಾರದು, ಕಣ್ಣು ಹೋಗುತ್ತದೆ ಎಂದು ಮೊದಲ ದಿನವೇ ಹೇಳಿಬಿಡಿ. ಸಿಕ್ಕಿದ ಉಪ್ಪು ನೋಡಲು ಮಾತ್ರ, ಅಡುಗೆಗೆ ಹಾಕಬೇಡಿ.