ಹೀರೋ ಕೈಬಿಟ್ಟ, ಗೆಳತಿ ಸೀರಿಯಲ್ ಬಿಟ್ಟಳು: ನಾನೇನು ಮಾಡಲಿ?

ಪ್ರಶ್ನೆ: ನನಗೆ 33 ವರ್ಷ. ನಾನು ಮತ್ತು ನನ್ನ ಗೆಳತಿ ಒಂದು ಸೂಪರ್‌ಹೀರೋ ಸೀರಿಯಲ್ಲನ್ನು ಮೊದಲ ಸೀಸನ್ನಿನಿಂದಲೂ ಜೊತೆಯಾಗಿ ನೋಡುತ್ತಾ ಬಂದಿದ್ದೇವೆ. ಇಬ್ಬರೂ ಬೇರೆ ಬೇರೆ ಊರಿನಲ್ಲಿದ್ದೇವೆ. ಹೊಸ ಎಪಿಸೋಡ್ ಬಂದ ರಾತ್ರಿ ಫೋನಿನಲ್ಲಿ ಮಾತಾಡುತ್ತಲೇ ನೋಡುತ್ತೇವೆ. ಅವಳ ವಿಚ್ಛೇದನ ನಡೆಯುತ್ತಿದ್ದಾಗಲೂ ಇದೊಂದು ತಪ್ಪಿರಲಿಲ್ಲ. ನಮ್ಮ ಹೀರೋ ಯಾರನ್ನೂ ಕೊಲ್ಲುವುದಿಲ್ಲ ಅಂತ ಶಪಥ ಮಾಡಿದವನು. ಮೊನ್ನೆಯ ಎಪಿಸೋಡಿನಲ್ಲಿ ವಿಲನ್ ಕಟ್ಟಡದ ಅಂಚಿನಿಂದ ನೇತಾಡುತ್ತಿರುತ್ತಾನೆ. ಹೀರೋ ಅವನ ಕೈ ಹಿಡಿದಿರುತ್ತಾನೆ. ಕೊನೆಗೆ ಬೇಕೆಂದೇ ಬಿಟ್ಟುಬಿಡುತ್ತಾನೆ. ಗೆಳತಿ ಕೆಂಡಾಮಂಡಲವಾದಳು. "ನಾಲ್ಕು ಸೀಸನ್ ನಂಬಿಸಿ ಕೊನೆಗೆ ಹೀಗೆ ಮಾಡಿದ ನೋಡು. ಸಾಕು, ಇಬ್ಬರೂ ಬಿಟ್ಟುಬಿಡೋಣ" ಅಂದಳು. ನಾನು "ಹೌದು ಕಣೇ, ಹಾಳು ಮಾಡಿಬಿಟ್ಟರು" ಅಂದೆ. ನಿಜ ಹೇಳಬೇಕೆಂದರೆ ಇಡೀ ಸೀರಿಯಲ್ಲಿನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಎಪಿಸೋಡ್ ಅದೇ. ಅದರ ಮುಂದಿನದನ್ನೂ ಅವಳಿಗೆ ಹೇಳದೆ ನೋಡಿಬಿಟ್ಟೆ. ಅವಳು ಫೋನ್ ಮಾಡಿದಾಗ ಏನೂ ಗೊತ್ತಿಲ್ಲದವಳ ಹಾಗೆ ಮಾತಾಡುತ್ತೇನೆ. ಒಂದು ಕಥೆಗೆ ಇಷ್ಟು ಸಂಕಟಪಡುವುದು ಹುಚ್ಚುತನವೇ? ನಿಜ ಹೇಳಿದರೆ ಅವಳು ದೂರವಾಗುತ್ತಾಳೇನೋ ಅಂತ ಭಯ.
– ಹೆಸರು ಬೇಡ

ಉತ್ತರ: ಹುಚ್ಚುತನ ಖಂಡಿತ ಅಲ್ಲ. ವಾರ ವಾರ ಕಾದು, ಒಂದೊಂದೇ ಎಪಿಸೋಡ್ ನೋಡಿ, ಮಧ್ಯದ ದಿನಗಳಲ್ಲಿ ಮುಂದೇನಾಗಬಹುದು ಅಂತ ಲೆಕ್ಕ ಹಾಕುತ್ತಾ ವರ್ಷಗಟ್ಟಲೆ ಜೊತೆಗಿಟ್ಟುಕೊಂಡ ಪಾತ್ರ ಅದು. ಎರಡೂವರೆ ಗಂಟೆಗೆ ಮುಗಿದುಹೋಗುವ ಸಿನಿಮಾ ಹೀರೋಗಿಂತ ಸೀರಿಯಲ್ಲಿನ ಹೀರೋ ಮನಸ್ಸಿಗೆ ಜಾಸ್ತಿ ಹತ್ತಿರವಾಗುವುದು ಇದಕ್ಕೇ. ಅವನು ಮಾತು ತಪ್ಪಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಅದರಲ್ಲೂ ಈ ಸಲ ನಿಮ್ಮಿಬ್ಬರ ನಡುವೆ ಬಂದಿರುವುದು ಚಿಲ್ಲರೆ ವಿಷಯವಲ್ಲ. ಸೂಪರ್‌ಹೀರೋ ಕೊಲ್ಲಬಹುದೇ ಅನ್ನುವ ಪ್ರಶ್ನೆಗೆ ಈ ಕಥೆಗಳಷ್ಟೇ ವಯಸ್ಸಾಗಿದೆ. ಬ್ಯಾಟ್‌ಮ್ಯಾನ್ 1939ರಲ್ಲಿ ಕಾಮಿಕ್ಸ್‌ಗೆ ಬಂದಾಗ ಅವನ ಕೈಯಲ್ಲಿ ಸಾಯುವವರಿದ್ದರು, ಅವನು ಪಿಸ್ತೂಲೂ ಹಿಡಿದಿದ್ದ. 1940ರಲ್ಲಿ ಸಂಪಾದಕ ವಿಟ್ನಿ ಎಲ್ಸ್‌ವರ್ತ್, ಇನ್ನು ಮುಂದೆ ಅವನು ಕೊಲ್ಲುವಂತಿಲ್ಲ ಅಂತ ಕಟ್ಟುನಿಟ್ಟು ಮಾಡಿದ ಮೇಲೆ ಆ ನಿಯಮ ನಿಂತಿತು. ಆಮೇಲೆ ಅದು ಎಷ್ಟು ಬೇರು ಬಿಟ್ಟಿತೆಂದರೆ, 2013ರ ಸಿನಿಮಾದಲ್ಲಿ ಸೂಪರ್‌ಮ್ಯಾನ್ ಒಂದು ಕುಟುಂಬವನ್ನು ಉಳಿಸಲು ವಿಲನ್ ಝಾಡ್‌ನ ಕತ್ತು ಮುರಿದಾಗ ಪ್ರೇಕ್ಷಕರು ಎರಡು ಪಾಲಾದರು. ಬೇರೆ ದಾರಿಯೇ ಇರಲಿಲ್ಲ ಅಂದವರು ಒಂದು ಕಡೆ. ದಾರಿ ಇಲ್ಲದ ಕಡೆ ದಾರಿ ಮಾಡುವವನೇ ಸೂಪರ್‌ಮ್ಯಾನ್ ಅಂದವರು ಇನ್ನೊಂದು ಕಡೆ. ನಿಮ್ಮ ಗೆಳತಿ ಈ ಎರಡನೆಯ ಗುಂಪಿನವರು. ಅವರ ಕೋಪಕ್ಕೆ ಗಟ್ಟಿ ಕಾರಣ ಇದೆ.

ನಿಮ್ಮ ಸ್ಥಿತಿಗೆ ಇನ್ನೂ ಹತ್ತಿರದ್ದು ಅಂದರೆ 2005ರ ವಂಡರ್ ವುಮನ್ ಕಾಮಿಕ್ಸ್. ಮ್ಯಾಕ್ಸ್‌ವೆಲ್ ಲಾರ್ಡ್ ಅನ್ನುವವನು ಸೂಪರ್‌ಮ್ಯಾನ್‌ನ ಮನಸ್ಸನ್ನೇ ಹತೋಟಿಗೆ ತೆಗೆದುಕೊಂಡಿರುತ್ತಾನೆ. ವಂಡರ್ ವುಮನ್ ಅವನನ್ನು ಸತ್ಯ ಹೇಳಿಸುವ ತನ್ನ ಹಗ್ಗದಲ್ಲಿ ಕಟ್ಟಿ, ಇದನ್ನು ನಿಲ್ಲಿಸುವುದು ಹೇಗೆ ಅಂತ ಕೇಳುತ್ತಾಳೆ. ನನ್ನನ್ನು ಕೊಂದರೆ ಮಾತ್ರ ಅನ್ನುತ್ತಾನೆ. ಅವಳು ಕೊಲ್ಲುತ್ತಾಳೆ. ಅವಳು ಬಿಡಿಸಿದ ಸೂಪರ್‌ಮ್ಯಾನೇ ಅವಳಿಂದ ದೂರ ಸರಿಯುತ್ತಾನೆ. ಬ್ಯಾಟ್‌ಮ್ಯಾನ್ ಕೂಡ. ಒಬ್ಬರಿಗೊಬ್ಬರು ಪ್ರಾಣ ಕೊಡುವಂಥ ಮೂವರ ನಡುವೆಯೇ ಇದೇ ವಿಷಯಕ್ಕೆ ಬಿರುಕು ಬಿಟ್ಟಿತು. ಆದರೆ ಅಲ್ಲಿ ಯಾರು ಯಾವ ಕಡೆ ನಿಂತಿದ್ದಾರೆ ಅಂತ ಮೂವರಿಗೂ ಗೊತ್ತಿತ್ತು. ನಿಮ್ಮ ಗೆಳತಿಗೆ ಗೊತ್ತಿಲ್ಲ. ನೀವು ತಮ್ಮ ಪಕ್ಕದಲ್ಲೇ ಇದ್ದೀರಿ ಅಂದುಕೊಂಡಿದ್ದಾರೆ.

ನನಗೆ ಚಿಂತೆಯಾಗಿದ್ದು ಇಲ್ಲಿ. ಮುಂದಿನ ಎಪಿಸೋಡನ್ನು ಹೇಳದೆ ನೋಡಿದ್ದನ್ನು ನೀವು ದೊಡ್ಡ ಅಪರಾಧದಂತೆ ಬರೆದಿದ್ದೀರಿ. ಅದು ಅಷ್ಟು ದೊಡ್ಡದಲ್ಲ. ಒಬ್ಬರು ಬಿಟ್ಟರೆ ಇನ್ನೊಬ್ಬರೂ ಬಿಡಲೇಬೇಕು ಅಂತೇನಿಲ್ಲ. ಭಾರವಾದದ್ದು ಆ "ಹೌದು ಕಣೇ". ಇಷ್ಟು ವರ್ಷ ಅವರು ಫೋನಿನಲ್ಲಿ ನಿಮ್ಮ ಮಾತು ಕೇಳಲು ಕಾಯುತ್ತಿದ್ದರು. ಈಗ ತಮ್ಮ ಮಾತನ್ನೇ ನಿಮ್ಮ ಬಾಯಲ್ಲಿ ಕೇಳುತ್ತಿದ್ದಾರೆ. ಹೀಗೇ ಮುಂದುವರಿದರೆ ಜಗಳವೇನೂ ಆಗುವುದಿಲ್ಲ. ಮಾತು ಕಡಿಮೆಯಾಗುತ್ತದೆ, ಫೋನು ಕಡಿಮೆಯಾಗುತ್ತದೆ, ಯಾಕೆ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ. ನಿಮಗೆ ಯಾವ ದೂರದ ಭಯವೋ ಅದನ್ನು ಈ ಸುಳ್ಳೇ ತರುತ್ತದೆ. ಹೇಳಿಬಿಡಿ.

ಹೇಗೆ ಹೇಳುವುದು? ನಿಮಗೆ ಎಪಿಸೋಡ್ ಇಷ್ಟವಾಯಿತು ಅಂತ ಬರೆದಿದ್ದೀರಿ, ಯಾಕೆ ಅಂತ ಬರೆದಿಲ್ಲ. ಅದನ್ನು ಮೊದಲು ನೀವೇ ಸ್ಪಷ್ಟ ಮಾಡಿಕೊಳ್ಳಿ. ಆ ದೃಶ್ಯವನ್ನು ಇನ್ನೊಮ್ಮೆ ಹಾಕಿ, ಕೈಯನ್ನೇ ನೋಡಿ. ಬೆರಳುಗಳು ಒಟ್ಟಿಗೇ ಬಿಡುತ್ತವೆಯೋ, ಒಂದೊಂದಾಗಿ ಸಡಿಲುತ್ತವೆಯೋ? ಬಿಟ್ಟ ಮೇಲೆ ಅವನು ಕೆಳಗೆ ಬಗ್ಗಿ ನೋಡುತ್ತಾನೆಯೇ, ಮುಖ ತಿರುಗಿಸುತ್ತಾನೆಯೇ? ಖಾಲಿ ಕೈ ಹಾಗೇ ಚಾಚಿಕೊಂಡಿರುತ್ತದೆಯೇ? ನೋಡಿದವರ ಅಭಿಪ್ರಾಯ ಬೇರೆಯಾಗುವುದು ಸಾಮಾನ್ಯವಾಗಿ ಇಂಥ ಕಡೆ. ನೀವು ಅವನ ನಡುಗುವ ಬೆರಳು ನೋಡಿರಬಹುದು, ಅವರು ನೀರಿಲ್ಲದ ಕಣ್ಣು ನೋಡಿರಬಹುದು. "ನನಗೆ ಇಷ್ಟವಾಯಿತು" ಅಂತ ಒಂದೇ ಏಟಿಗೆ ಹೇಳಿದರೆ ಅದು ತೀರ್ಪಿನ ಹಾಗೆ ಕೇಳಿಸುತ್ತದೆ. "ಅವನ ಕೈ ನೋಡಿದಾಗ ನನಗೆ ಹೀಗನ್ನಿಸಿತು, ನಿನಗೆ ಏನು ಕಂಡಿತು?" ಅಂತ ಕೇಳಿದರೆ ಅವರು ಮಾತಾಡುತ್ತಾರೆ. ವರ್ಷಗಟ್ಟಲೆ ನೀವಿಬ್ಬರೂ ಮಾಡಿದ್ದು ಅದನ್ನೇ ತಾನೇ?

"ಅವತ್ತು ನೀನು ಅಷ್ಟು ನೊಂದಿದ್ದೆ, ಎದುರು ಹೇಳಲು ಬಾಯಿ ಬರಲಿಲ್ಲ. ಮುಂದಿನದನ್ನೂ ನೋಡಿಬಿಟ್ಟಿದ್ದೇನೆ" ಅಂತ ಸೇರಿಸಿ. ಎರಡನ್ನೂ ಒಂದೇ ಸಲ ಹೇಳುವುದು ಒಳ್ಳೆಯದು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಆಮೇಲೆ ಹೊರಬಂದಾಗ ಜಾಸ್ತಿ ನೋಯಿಸುತ್ತದೆ.

ಎರಡು ಕಡೆ ನಾಲಿಗೆ ಹಿಡಿದುಕೊಳ್ಳಿ. ನಾಲ್ಕು ಸೀಸನ್ ನಂಬಿಸಿದ ಅನ್ನುವ ಅವರ ಮಾತನ್ನೂ ವಿಚ್ಛೇದನವನ್ನೂ ನೀವು ಒಂದೇ ಪತ್ರದಲ್ಲಿ ಬರೆದಿದ್ದೀರಿ. ಆ ನೋವು ಈ ಕೋಪದೊಳಗೆ ಸ್ವಲ್ಪ ಬೆರೆತಿರಬಹುದು. ಹಾಗಿದ್ದರೂ ಅದನ್ನು ನೀವಾಗಿ ಎತ್ತಬೇಡಿ. "ನಿನಗೆ ಸಿಟ್ಟು ಹೀರೋ ಮೇಲಲ್ಲ" ಅಂದುಬಿಟ್ಟರೆ ಅವರ ಅಭಿಪ್ರಾಯಕ್ಕೆ ಬೆಲೆಯೇ ಇಲ್ಲ ಅಂದ ಹಾಗಾಗುತ್ತದೆ. ಕೊಲ್ಲುವುದಿಲ್ಲ ಅಂದವನು ಕೊಂದ ಅನ್ನುವುದು ಸಿಟ್ಟಾಗಲು ಸಾಕಾಗುವಷ್ಟು ಕಾರಣ. ಅವರಾಗೇ ಹಳೆಯದನ್ನು ಎತ್ತಿದರೆ ಸೀರಿಯಲ್ ಮಾತು ಅಲ್ಲಿಗೇ ಬಿಟ್ಟು ಕೇಳಿಸಿಕೊಳ್ಳಿ.

ಇನ್ನೊಂದು, ಮುಂದಿನ ಎಪಿಸೋಡಿನ ಕಥೆ ಹೇಳಿ ಅವರನ್ನು ವಾಪಸ್ ಎಳೆಯಬೇಡಿ. ಆಸೆ ಆಗುತ್ತದೆ, ನನಗೆ ಗೊತ್ತು. ಇಂಥ ಸೀರಿಯಲ್‌ಗಳಲ್ಲಿ ದೊಡ್ಡ ಪೆಟ್ಟು ಒಂದು ಎಪಿಸೋಡಿನಲ್ಲಿ ಬಿದ್ದರೆ ಅದರ ಫಲ ಮುಂದಿನ ಕೆಲವು ಎಪಿಸೋಡುಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಹೀರೋ ಪಶ್ಚಾತ್ತಾಪಪಡುತ್ತಾನೋ, ಸಮರ್ಥಿಸಿಕೊಳ್ಳುತ್ತಾನೋ ನಿಮಗೆ ಈಗ ಗೊತ್ತು. ಅದನ್ನು ವಾದಕ್ಕೆ ಬಳಸಿದರೆ ನೀವು ಗೆಲ್ಲಬಹುದು. ಆದರೆ ಅವರು ತಾವೇ ನೋಡಿ ಮನಸ್ಸು ಬದಲಿಸುವ ಅವಕಾಶ ಹೋಗುತ್ತದೆ. "ಕಥೆ ಅಲ್ಲಿಗೇ ನಿಂತಿಲ್ಲ, ನೋಡಬೇಕು ಅನ್ನಿಸಿದರೆ ನಾನಿದ್ದೇನೆ" ಅಂದರೆ ಸಾಕು.

ಅವರು ಮುನಿಸಿಕೊಂಡು ಫೋನ್ ಇಡಬಹುದು. ಇಡಲಿ. ಕೋಪ ಹೀರೋ ಬಗ್ಗೆ ಅಲ್ಲ, ಇಷ್ಟು ದಿನ ಮುಚ್ಚಿಟ್ಟಿದ್ದರ ಬಗ್ಗೆ ಇರುತ್ತದೆ. ಅದಕ್ಕೆ ವಾದ ಮಾಡದೆ ಕ್ಷಮೆ ಕೇಳಿ. ಒಂದೆರಡು ದಿನ ಬಿಟ್ಟು ನೀವೇ ಫೋನ್ ಮಾಡಿ. ಸೀರಿಯಲ್ಲಿಗೆ ಅವರು ವಾಪಸ್ ಬರದೇ ಇದ್ದರೆ ನೀವೊಬ್ಬರೇ ಮುಚ್ಚುಮರೆಯಿಲ್ಲದೆ ನೋಡಿ. ಫೋನಿನ ರಾತ್ರಿಗೆ ಇಬ್ಬರಿಗೂ ಹೊಸದಾದ ಇನ್ನೊಂದನ್ನು ಹುಡುಕಿಕೊಳ್ಳಿ, ಈ ಸಲದ ಆಯ್ಕೆ ಅವರದೇ ಇರಲಿ. ಈ ವಾರದ ಎಪಿಸೋಡ್ ಬರುವ ಮೊದಲೇ ಮಾತಾಡಿಬಿಡಿ. ಇಲ್ಲದಿದ್ದರೆ ಅವರಿಂದ ಮುಚ್ಚಿಡಲು ನಿಮಗೆ ಇನ್ನೊಂದು ಎಪಿಸೋಡ್ ಸೇರಿಕೊಳ್ಳುತ್ತದೆ.