ಟೇಬಲ್‌ಟಾಪ್ ಆಟದ ಕಾದಾಟ ಬೇಗ ಸಾಗಲು ಏನೇನು ಇಟ್ಟುಕೊಳ್ಳಬೇಕು?

ಶಿವಮೊಗ್ಗದಲ್ಲಿ ಐದು ಜನ ಸೇರಿ, ಒಬ್ಬರು ಕಥೆ ನಡೆಸಿ ಉಳಿದವರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಶುರು ಮಾಡಿದ್ದೀರಿ, ಒಂದೇ ಕಾದಾಟಕ್ಕೆ ಇಡೀ ಸಂಜೆ ಹೋಗುತ್ತಿದೆ, ಆಟ ಚುರುಕಾಗಲು ಯಾವ ಸಾಮಾನು ಕೊಳ್ಳಬೇಕು ಅಂತ ಕೇಳಿದ್ದೀರಿ. ನಾನಿರುವುದು ಸಾಗರದ ಕಡೆ. ನಮ್ಮ ಗುಂಪಿನಲ್ಲಿ ಆಟ ನಡೆಸುವವನು ನಾನೇ, ಹಾಗಾಗಿ ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು.

ದುಡ್ಡು ಹಾಕುವ ಮೊದಲು ಒಂದು ಸಂಜೆ ಗಮನಿಸಿ ನೋಡಿ. ಹೊತ್ತು ಜಾಸ್ತಿ ತಿನ್ನುವುದು ಎರಡೇ ಪ್ರಶ್ನೆ: ‘ಈಗ ಯಾರ ಸರದಿ?’, ‘ನನ್ನ ಮಂತ್ರ ಏನು ಮಾಡುತ್ತೆ?’ ನಿಯಮದ ಪ್ರಕಾರ ಕಾದಾಟದ ಒಂದು ಸುತ್ತು ಅಂದರೆ 6 ಸೆಕೆಂಡ್. ಟೇಬಲ್ ಮೇಲೆ ಅದೇ ಸುತ್ತು ಅರ್ಧ ಗಂಟೆ ಎಳೆಯುತ್ತದೆ ಅಂದರೆ ಈ ಎರಡು ಪ್ರಶ್ನೆಗೆ ಉತ್ತರ ಕಣ್ಣೆದುರಿಗೆ ಇಲ್ಲ ಅಂತಲೇ.

ಮೊದಲನೆಯದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ ಸಾಕು. ಗಟ್ಟಿ ರಟ್ಟನ್ನು ಮೂರು ಮಡಿಕೆ ಮಾಡಿ ಆಟ ನಡೆಸುವವರ ಮುಂದೆ ಪರದೆಯ ಹಾಗೆ ನಿಲ್ಲಿಸಿ. ಒಂದೊಂದು ಪಾತ್ರಕ್ಕೆ ಒಂದೊಂದು ಕ್ಲಿಪ್, ಶತ್ರುಗಳಿಗೆ ಬೇರೆ ಬಣ್ಣದ್ದು. ಆಟಗಾರರ ಕಡೆಗೆ ಕಾಣುವ ಮೈಮೇಲೆ ಪಾತ್ರದ ಹೆಸರು, ನಿಮ್ಮ ಕಡೆಗೆ ಕಾಣುವ ಮೈಮೇಲೆ ಅದರ ಆರ್ಮರ್ ಕ್ಲಾಸ್ (ಅದಕ್ಕೆ ಏಟು ತಗುಲಲು ಮುಟ್ಟಬೇಕಾದ ಸಂಖ್ಯೆ) ಬರೆಯಿರಿ. ಸರದಿ ನಿರ್ಧರಿಸುವ ಇನಿಷಿಯೇಟಿವ್ ದಾಳ ಉರುಳಿದ ತಕ್ಷಣ ದೊಡ್ಡ ಸಂಖ್ಯೆಯಿಂದ ಚಿಕ್ಕದಕ್ಕೆ ಕ್ಲಿಪ್‌ಗಳನ್ನು ಸಾಲಾಗಿ ಪರದೆಯ ಅಂಚಿಗೆ ಸಿಕ್ಕಿಸಿ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಜೊತೆಗೆ ‘ಈಗ ಫೈಟರ್, ಮುಂದೆ ವಿಝಾರ್ಡ್’ (ಯೋಧ, ಮಂತ್ರವಾದಿ ಪಾತ್ರಗಳು) ಅಂತ ಎರಡು ಹೆಸರು ಒಟ್ಟಿಗೆ ಕೂಗಿ. ಮುಂದಿನವರು ಆಗಲೇ ಯೋಚನೆ ಶುರು ಮಾಡಿರುತ್ತಾರೆ. ನನ್ನ ಮಟ್ಟಿಗೆ ಇದಕ್ಕಿಂತ ಹೊತ್ತು ಉಳಿಸುವ ಸಾಮಾನು ಬೇರೆ ಇಲ್ಲ.

ಎರಡನೆಯ ಪ್ರಶ್ನೆಗೆ ಮಂತ್ರದ ಕಾರ್ಡುಗಳು. ಒಂದು ಮಂತ್ರಕ್ಕೆ ಒಂದು ಕಾರ್ಡ್: ಎಷ್ಟು ದೂರ, ಯಾವ ದಾಳ, ಎದುರಿನವರು ಯಾವ ಸೇವ್ (ಮಂತ್ರದಿಂದ ಪಾರಾಗಲು ಉರುಳಿಸುವ ದಾಳ) ಮಾಡಬೇಕು, ಅಷ್ಟೇ. ಇಂಗ್ಲಿಷ್ ಓದುವುದು ನಿಧಾನವಾದರೆ ಕನ್ನಡದಲ್ಲೇ ಬರೆಯಿರಿ. ಈ ಆಟದ ಐದನೇ ಆವೃತ್ತಿಯ ಮೂಲ ನಿಯಮಗಳ ಒಂದು ದೊಡ್ಡ ಭಾಗ 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಸಿಗುತ್ತಿದೆ. ಮೂಲ ಯಾವುದು ಅಂತ ನಮೂದಿಸಿದರೆ ಅದನ್ನು ಅನುವಾದಿಸಿ ಹಂಚಲೂಬಹುದು. ಕಾರ್ಡುಗಳನ್ನು ಲ್ಯಾಮಿನೇಟ್ ಮಾಡಿಸಲು ಮರೆಯಬೇಡಿ. ನಮ್ಮ ಮಳೆಗಾಲದಲ್ಲಿ ಬರೀ ಕಾಗದ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ, ಶಾಯಿ ಹರಡುತ್ತದೆ. ಮೊಬೈಲ್ ಆ್ಯಪ್ ಇದೆಯಲ್ಲ ಅನ್ನಬೇಡಿ. ಆಷಾಢದಲ್ಲಿ ಕರೆಂಟ್ ಹೋಗಿ, ನೆಟ್‌ವರ್ಕೂ ಹೋದಾಗ ಕೆಲಸಕ್ಕೆ ಬರುವುದು ಕಾರ್ಡೇ. ಒಂದು ಚಾರ್ಜರ್ ಲೈಟ್ ಕೂಡ ಟೇಬಲ್ ಪಕ್ಕದಲ್ಲೇ ಇರಲಿ.

ದಾಳಕ್ಕೆ ಮಾತ್ರ ದುಡ್ಡು ಹಾಕಿ. ಏಳು ದಾಳದ ಸೆಟ್ ಒಬ್ಬೊಬ್ಬರಿಗೂ ಬೇರೆ ಬೇರೆ ಬೇಕು. ಆನ್‌ಲೈನಿನಲ್ಲಿ ಸಿಗುತ್ತದೆ. 20 ಮುಖದ ದಾಳ ಒಂದೇ ಇದ್ದು ಅದು ಕೈಯಿಂದ ಕೈಗೆ ಸುತ್ತುತ್ತಿದ್ದರೆ ಆಟ ಸಾಗುವುದಿಲ್ಲ. ಏಟು ತಗುಲಿತೇ ಅಂತ ನೋಡುವ ದಾಳ, ಪೆಟ್ಟು ಎಷ್ಟು ಅಂತ ಹೇಳುವ ದಾಳ ಎರಡನ್ನೂ ಒಟ್ಟಿಗೆ ಉರುಳಿಸಿ. ಏಟು ತಗುಲಲಿಲ್ಲ ಅಂದರೆ ಎರಡನೆಯದನ್ನು ಬಿಟ್ಟರಾಯಿತು. ಫೈರ್‌ಬಾಲ್ (ಬೆಂಕಿಯುಂಡೆ) ಮಂತ್ರ ಹಾಕುವ ವಿಝಾರ್ಡ್ ಇದ್ದರೆ ಆರು ಮುಖದ ಚಿಕ್ಕ ದಾಳ ಎಂಟು ತೆಗೆದುಕೊಡಿ. ಒಂದೇ ದಾಳವನ್ನು ಎಂಟು ಸಲ ಉರುಳಿಸಿ ಬೆರಳೆಣಿಸುತ್ತಾ ಕೂತರೆ ಬೆಂಕಿಯುಂಡೆಯ ಬಿಸಿಯೇ ಆರಿಹೋಗುತ್ತದೆ. ಎಂಟೂ ಒಟ್ಟಿಗೆ ಬಿದ್ದಾಗ 6 ಮತ್ತು 4, 5 ಮತ್ತು 5 ಹೀಗೆ ಹತ್ತು ಹತ್ತು ಮಾಡಿ ಜೋಡಿಸಿ, ಲೆಕ್ಕ ಆಗಿಹೋಯಿತು. ಶತ್ರುಗಳ ಪೆಟ್ಟಿಗೆ ದಾಳವೇ ಬೇಡ. ಆಟದ 2014ರ ಪುಸ್ತಕದಲ್ಲಿ ಗಾಬ್ಲಿನ್ ಅನ್ನುವ ಕುಳ್ಳ ಶತ್ರುವಿನ ಪೆಟ್ಟಿಗೆ 5 ಅಂತ ಸರಾಸರಿಯನ್ನೇ ಕೊಟ್ಟಿದ್ದಾರೆ, ಅದನ್ನೇ ಬಳಸಿ.

ದಾಳ ಮಂಚದ ಕೆಳಗೆ ಹೋಗಿ ಎಲ್ಲರೂ ಬಗ್ಗಿ ಹುಡುಕುವುದೂ ಹೊತ್ತೇ ಅಲ್ವಾ? ಇದಕ್ಕೆ ನಮ್ಮೂರಿನ ಅಡಿಕೆ ಹಾಳೆ ತಟ್ಟೆ ಹೇಳಿ ಮಾಡಿಸಿದ ಹಾಗಿದೆ. ಅಂಚು ಎತ್ತರ, ಸದ್ದು ಕಡಿಮೆ, ಬೆಲೆಯೂ ಕಡಿಮೆ. ಒಬ್ಬೊಬ್ಬರ ಮುಂದೆ ಒಂದೊಂದು ಇಡಿ.

ನಕ್ಷೆಗೆ ಡ್ರಾಯಿಂಗ್ ಶೀಟಿನಲ್ಲಿ ಒಂದೊಂದು ಇಂಚಿನ ಚೌಕ ಎಳೆದು, ಮೇಲೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಸಿ. ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಬರೆದು ಅಂದೇ ಒರೆಸಿಬಿಡಿ. ಒಂದು ಚೌಕ 5 ಅಡಿ. 30 ಅಡಿ ನಡೆಯುವ ಪಾತ್ರಕ್ಕೆ ಆರು ಚೌಕ. ಇನ್ನೊಂದು ಸಾಮಾನು ನೀವೇ ಮಾಡಿಕೊಳ್ಳಬಹುದು: ಕಟ್ಟುವ ತಂತಿಯನ್ನು 8 ಇಂಚು ಅಗಲದ ಬಳೆ ಮಾಡಿ. ಫೈರ್‌ಬಾಲ್‌ನ 20 ಅಡಿ ತ್ರಿಜ್ಯಕ್ಕೆ ಅದು ಸರಿಯಾಗಿ ಕೂರುತ್ತದೆ. ಬಳೆಯ ಒಳಗಿದ್ದವರಿಗೆ ಬೆಂಕಿ, ಹೊರಗಿದ್ದವರಿಗೆ ಇಲ್ಲ. ‘ನಾನು ಸ್ವಲ್ಪ ಆಚೆ ಇದ್ದೆ’ ಅನ್ನುವ ವಾದಕ್ಕೆ ಜಾಗವೇ ಇರುವುದಿಲ್ಲ.

ಮರಳು ಗಡಿಯಾರ ಇಡಿ ಅಂತ ಕೆಲವರು ಹೇಳುತ್ತಾರೆ. ಹೊಸಬರಿರುವ ಗುಂಪಿಗೆ ನಾನು ಬೇಡ ಅಂತೀನಿ, ಅವರು ಗಾಬರಿಯಾಗಿ ಆಡುವುದನ್ನೇ ಬಿಡುತ್ತಾರೆ. ಬಣ್ಣದ ಮಿನಿಯೇಚರ್ ಗೊಂಬೆ, ದಾಳ ಉರುಳುವ ಗೋಪುರ ನೋಡಲು ಚೆಂದ, ನನಗೂ ಇಷ್ಟ. ಆದರೆ ಜೋಡಿಸಿ ತೆಗೆಯುವುದಕ್ಕೇ ಹೊತ್ತು ಬೇಕು. ಸದ್ಯಕ್ಕೆ ವೀರರಿಗೆ ಹೆಸರು ಬರೆದ ಕೇರಂ ಕಾಯಿ, ಗಾಬ್ಲಿನ್‌ಗಳಿಗೆ ನಂಬರ್ ಬರೆದ ಅಡಿಕೆ ಸಾಕು. ‘ಮೂರನೇ ಅಡಿಕೆಗೆ ಹೊಡೀತೀನಿ’ ಅಂದರೆ ಎಲ್ಲರಿಗೂ ತಕ್ಷಣ ಗೊತ್ತಾಗುತ್ತದೆ.